ಕದ್ದುಂಡ ಸೊಸೆ, ನಿಂತುಂಡ ಅತ್ತೆ

ಕನ್ನಡದಲ್ಲಿ ಗುಂಡಿಯೆಂದರೆ ಅಂಗಿಗೆ ಹಾಕಿಕೊಳ್ಳುವುದೂ ಹೌದು, ನೋಡದೆ ಕಾಲಿಟ್ಟರೆ ಬೀಳುವುದೂ ಹೌದು. ಜನ ಸಾಮಾನ್ಯವಾಗಿ ಎರಡನೆಯದರಲ್ಲಿ ಬೀಳುತ್ತಾರೆ. ನಾನು ಬಿದ್ದದ್ದು ಮೊದಲನೆಯದರಲ್ಲಿ. ಒಂದು ಬೆಳಗ್ಗೆ ಡ್ಯೂಟಿಗೆ ಹೊರಡುವ ಅವಸರದಲ್ಲಿ ಖಾಕಿ ಅಂಗಿ ತೊಡುತ್ತಿದ್ದೆ. ಹೊಟ್ಟೆಯ ಮೇಲೆ ಬರುವ ಗುಂಡಿಯೊಂದು ತನಗೂ ಎದುರಿನ ಕಾಜಾಕ್ಕೂ ಇದ್ದ ಹಳೆಯ ಸ್ನೇಹ ಮುಗಿಯಿತೆಂಬಂತೆ ದೂರವೇ ನಿಂತುಬಿಟ್ಟಿತು. ಉಸಿರನ್ನು ಒಳಗೆಳೆದುಕೊಂಡು ಇಬ್ಬರಿಗೂ ರಾಜಿ ಮಾಡಿಸಿದೆ. ಉಸಿರು ಬಿಟ್ಟ ಕೂಡಲೇ ಗುಂಡಿ ಪಟ್ಟೆಂದು ಹಾರಿ ಗ್ಯಾಸ್ ಒಲೆಯ ಕೆಳಗೆ ಉರುಳಿತು. ದೋಸೆ ಹುಯ್ಯುತ್ತಿದ್ದ ನನ್ನ ಅತ್ತೆ ಬಗ್ಗಿ ಅದನ್ನೆತ್ತಿ, ಸೆರಗಿನಲ್ಲಿ ಒರೆಸಿ ನನ್ನ ಕೈಗಿತ್ತರು. ಇತ್ತ ಕೈಯಲ್ಲೇ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು.

ನಾನು ಮಾಗಡಿಯವಳು, ಸರ್ಕಾರಿ ಬಸ್ಸಿನ ಕಂಡಕ್ಟರು. ಕನ್ನಡದಲ್ಲಿ ಎಂ.ಎ. ಮಾಡಿ, ಛಂದಸ್ಸಿನ ಲಘು–ಗುರುಗಳನ್ನು ಮಕ್ಕಳಿಗೆ ಕಲಿಸುವ ಕನಸು ಕಂಡವಳು ಕೊನೆಗೆ ಮಾಗಡಿ–ರಾಮನಗರ ರೂಟಿನಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದೆ. ಬೇಸರವೇನಿಲ್ಲ. ತರಗತಿಯಲ್ಲಾದರೆ ಹಿಂದಿನ ಬೆಂಚಿನವರು ನಿದ್ದೆ ಮಾಡುತ್ತಾರೆ, ಬಸ್ಸಿನಲ್ಲಿ ಹಿಂದಿನ ಸೀಟಿನವರು; ಅಷ್ಟೇ ವ್ಯತ್ಯಾಸ. ಆದರೆ ಛಂದಸ್ಸು ನನ್ನನ್ನು ಪೂರ್ತಿ ಬಿಟ್ಟುಹೋಗಲಿಲ್ಲ. ಕೆಲಸಕ್ಕೆ ಲಘುವಾಗಿ ಸೇರಿದವಳು ಮದುವೆಯಾಗಿ, ಮಗನನ್ನು ಹೆತ್ತು, ಬಾಣಂತನದ ತುಪ್ಪ ಉಂಡು, ಕ್ರಮೇಣ ಗುರುವಾದೆ.

ಗುರುವಾದವರಿಗೆ ಬಸ್ಸಿನ ನಡುದಾರಿಯಷ್ಟು ಕಠಿಣ ಪರೀಕ್ಷೆ ಬೇರೊಂದಿಲ್ಲ. ಬೆಳಗಿನ ಟ್ರಿಪ್ಪಿನಲ್ಲಿ ಕಾಲೇಜು ಮಕ್ಕಳು, ರೇಷ್ಮೆಗೂಡಿನ ಚೀಲ ಹೊತ್ತು ರಾಮನಗರದ ಮಾರುಕಟ್ಟೆಗೆ ಹೊರಟ ರೈತರು, ಆಸ್ಪತ್ರೆಗೆ ಹೋಗುವ ಮುದುಕಿಯರು, ಇವರೆಲ್ಲರ ನಡುವೆ ಟಿಕೆಟ್ ಯಂತ್ರ ಹಿಡಿದು ಮುಂದಿನಿಂದ ಹಿಂದಕ್ಕೆ ನುಸುಳುವಾಗ, ಪ್ರತಿಯೊಬ್ಬರೂ ತಮ್ಮ ದೇಹವನ್ನು ಒಂದಿಷ್ಟು ಒಳಗೆಳೆದುಕೊಂಡು ನನ್ನ ದೇಹಕ್ಕೆ ದಾರಿ ಬಿಡಬೇಕು. ಯಾರೂ ಮಾತಾಡುವುದಿಲ್ಲ. ಆದರೆ ಒಳಗೆಳೆದುಕೊಂಡ ಆ ಉಸಿರು ನನಗೆ ಕೇಳಿಸುತ್ತಿತ್ತು.

ನಮ್ಮ ಕಡೆ ಇನ್ನೊಂದು ಪದ್ಧತಿಯಿದೆ, ನೀವೂ ಕಂಡಿರುತ್ತೀರಿ. ಪರಿಚಯದವರು ಎದುರಾದರೆ ಮೊದಲು ಕುಶಲ ಕೇಳುವುದಿಲ್ಲ. ನಿಮ್ಮ ಮೈಯ ಬಗ್ಗೆ ಒಂದು ವರದಿ ಒಪ್ಪಿಸುತ್ತಾರೆ. ‘ಏನವ್ವಾ, ಊದ್ಕಂಡಿದ್ದೀಯ’ ಎಂದೋ ‘ಸೊರಗೋಗಿದ್ದೀಯಲ್ಲ’ ಎಂದೋ ಎರಡರಲ್ಲೊಂದು ತೀರ್ಪು. ನೀನು ಸರಿಯಾಗಿದ್ದೀಯ ಎಂದು ಯಾರಾದರೂ ಹೇಳಿದ್ದನ್ನು ನಾನು ಈ ತನಕ ಕೇಳಿಲ್ಲ. ಹಾಗೆ ಹೇಳುವವರಲ್ಲಿ ಕೆಡುಕೇನೂ ಇರುವುದಿಲ್ಲ, ಅದು ಪ್ರೀತಿಯ ಒಂದು ಬಗೆಯೇ. ಆದರೆ ಆ ಪ್ರೀತಿಯನ್ನು ಹೊತ್ತು ಮನೆಗೆ ಬಂದವಳು ಕನ್ನಡಿಯ ಮುಂದೆ ಒಬ್ಬಳೇ ನಿಲ್ಲಬೇಕಾಗುತ್ತದೆ.

ಗುಂಡಿ ಹಾರಿದ ಆ ದಿನವೇ ಮಾಗಡಿ ಬಸ್ ನಿಲ್ದಾಣದಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು, ನಾನು ಅವರ ಪಕ್ಕದಲ್ಲಿ ನುಸುಳುವಾಗ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು: ‘ಕಂಡಕ್ಟರಮ್ಮ, ನಿಮ್ಗೂ ಎರಡು ಟಿಕೆಟ್ ಹರ್ಕೊಳ್ಳಿ. ಇಬ್ಬರ ಜಾಗ ಹಿಡೀತೀರ.’ ಬಸ್ಸು ನಕ್ಕಿತು. ನಾನೂ ನಕ್ಕೆ. ಎಲ್ಲರೂ ನಗುವಾಗ ನಾವೂ ನಕ್ಕುಬಿಟ್ಟರೆ ಅದು ನಮ್ಮದೇ ಹಾಸ್ಯವಾಗುತ್ತದೆ ಎಂದು ಹುಡುಗಿಯಾಗಿದ್ದಾಗಿನಿಂದ ಕಲಿತಿದ್ದೆ. ಡ್ರೈವರ್ ಹೊಂಬಾಳಣ್ಣ ಒಬ್ಬರೇ ನಗದೆ, ಗೇರು ಹಾಕಿ ಬಸ್ಸನ್ನು ಅಗತ್ಯಕ್ಕಿಂತ ಜೋರಾಗಿ ಎಳೆದರು. ಹಿರಿಯರು ಮುಂದಿನ ಕಂಬಿ ಹಿಡಿದುಕೊಳ್ಳಬೇಕಾಯಿತು.

ಆವತ್ತಿನಿಂದ ನಾನು ಹಗಲೂಟ ಬಿಟ್ಟೆ. ಅತ್ತೆ ಕಟ್ಟಿಕೊಟ್ಟ ಡಬ್ಬಿಯನ್ನು ರಾಮನಗರದ ಬಸ್ ನಿಲ್ದಾಣದ ಹಿಂದಿನ ನಾಯಿಗಳಿಗೆ ಹಾಕಿದೆ. ನಾನು ಸಣ್ಣಗಾಗುವ ಆಟದಲ್ಲಿ ಅವು ದಪ್ಪಗಾದವು. ಬರಿಯ ಟೀ ಕುಡಿದು ಸಂಜೆಯವರೆಗೆ ನಿಂತು ದುಡಿದೆ. ಮೊದಮೊದಲು ಆ ಹಸಿವಿನಲ್ಲಿ ಒಂದು ಹಮ್ಮಿತ್ತು: ಸುತ್ತ ಎಲ್ಲರೂ ಉಣ್ಣುತ್ತಿದ್ದಾರೆ, ನಾನೊಬ್ಬಳು ಗೆದ್ದಿದ್ದೇನೆ ಎಂಬ ಹಮ್ಮು. ಆದರೆ ಹೊಟ್ಟೆ ಎನ್ನುವುದು ಬಹಳ ತಾಳ್ಮೆಯ ಪ್ರಯಾಣಿಕ. ಇಡೀ ದಿನ ಸುಮ್ಮನಿದ್ದು, ಸಂಜೆ ಡ್ಯೂಟಿ ಮುಗಿದು ಮಾಗಡಿಯ ಬೇಕರಿಯ ಮುಂದೆ ಹಾದುಹೋಗುವಾಗ ಬೆಲ್ ಹೊಡೆಯುತ್ತದೆ. ಬನ್ನು, ಖಾರ, ಕೊಬ್ಬರಿ ಮಿಠಾಯಿ, ಕೈಗೆ ಸಿಕ್ಕಿದ್ದನ್ನು ಕಟ್ಟಿಸಿಕೊಂಡು ಡಿಪೋದ ಹೆಂಗಸರ ಕೋಣೆಗೆ ಹೋಗಿ, ಚಿಲಕ ಹಾಕಿ, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದೆ. ರುಚಿ ಗೊತ್ತಾಗುತ್ತಿರಲಿಲ್ಲ. ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ತಿಂದು, ಹೊಟ್ಟೆ ನೋಯುವ ತನಕ ತಿಂದು, ಕಾಗದಗಳನ್ನು ಬ್ಯಾಗಿನ ತಳದಲ್ಲಿ ಅಡಗಿಸಿ, ಬಾಯಿ ತೊಳೆದು ಮನೆಗೆ ಹೋಗುತ್ತಿದ್ದೆ. ನಾಳೆ ಏನೂ ಮುಟ್ಟಬಾರದು ಎಂದುಕೊಳ್ಳುತ್ತಿದ್ದೆ. ನಾಳೆ ಏನೂ ಮುಟ್ಟುತ್ತಲೂ ಇರಲಿಲ್ಲ, ಸಂಜೆಯವರೆಗೆ.

ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಹಾಲಿನ ಕೊಬ್ಬು ಅಳೆದೂ ಅಳೆದೂ ಸಾಕಾಗಿ, ಮನೆಯವರ ಕೊಬ್ಬಿನ ಕಡೆ ಗಮನ ಹರಿಯುತ್ತಿರಲಿಲ್ಲ. ಅದಕ್ಕಾಗಿ ಅವರ ಬಗ್ಗೆ ನನಗೆ ಇವತ್ತಿಗೂ ಕೃತಜ್ಞತೆಯಿದೆ. ಅತ್ತೆಗೆ ಮಾತ್ರ ಏನೋ ಅನುಮಾನ. ಡಬ್ಬಿ ಖಾಲಿಯಾಗಿ ಬರುತ್ತದೆ, ಸೊಸೆಯ ಮುಖ ಬಾಡಿದೆ, ಸಂಜೆ ಉಣ್ಣು ಎಂದರೆ ಬೇಡ ಎನ್ನುತ್ತಾಳೆ. ಅವರು ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದರು. ಮೆಣಸಿನಕಾಯಿಯ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದೆವು. ನನ್ನ ಕಾಯಿಲೆ ಕೆಮ್ಮಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಜಾಲಮಂಗಲ ದಾಟಿದ ಮೇಲೆ, ಹಿಂದಿನ ಸೀಟಿನವರಿಗೆ ಚಿಲ್ಲರೆ ಕೊಡಲು ತಿರುಗಿದವಳಿಗೆ ಬಸ್ಸಿನ ಕಿಟಕಿಗಳೆಲ್ಲ ಒಟ್ಟಿಗೆ ಕಪ್ಪಾದವು. ಕಣ್ಣು ಬಿಟ್ಟಾಗ ನಾನು ರೇಷ್ಮೆಗೂಡಿನ ಚೀಲವೊಂದರ ಮೇಲೆ ಮಲಗಿದ್ದೆ. ಬಿದ್ದ ಜಾಗ ಮೆತ್ತಗಿತ್ತೆಂದೇ ತಲೆ ಒಡೆಯಲಿಲ್ಲ. ಚೀಲದ ಒಡೆಯ, ನಡುವಯಸ್ಸಿನ ರೈತ, ತಿಂಗಳು ಪೂರ ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕಿದ ಗೂಡು ನನ್ನ ಕೆಳಗೆ ಅಪ್ಪಚ್ಚಿಯಾಗುತ್ತಿದ್ದರೂ, ಟವೆಲಿನಿಂದ ನನಗೆ ಗಾಳಿ ಹಾಕುತ್ತಿದ್ದರು. ನಾನು ಏಳಲು ಹೋದರೆ ಭುಜ ಒತ್ತಿ ಹಿಡಿದರು.

‘ಮನೀಕೊಳವ್ವ, ಗೂಡು ಎಲ್ಲೂ ಓಗಕ್ಕಿಲ್ಲ’ ಎಂದರು.

ಆಮೇಲೆ ಎಷ್ಟೋ ಸಲ ಅವರನ್ನು ನೆನೆದಿದ್ದೇನೆ. ರೇಷ್ಮೆಹುಳು ಹಗಲೂ ರಾತ್ರಿಯೂ ಮೇಯುತ್ತದೆ. ಮೇಯ್ದು ಮೇಯ್ದು ಬೆರಳಿನಷ್ಟು ಉಬ್ಬುತ್ತದೆ. ಅದನ್ನು ಕಂಡು ಈ ಸೀಮೆಯಲ್ಲಿ ಯಾರೂ ಹೊಟ್ಟೆಬಾಕ ಎನ್ನುವುದಿಲ್ಲ. ಹುಳ ಚೆನ್ನಾಗಿ ಮೇಯುತ್ತಿದೆ ಎಂದು ಮನೆಯವರೆಲ್ಲ ಹಿಗ್ಗುತ್ತಾರೆ, ಮೇವು ಬಿಟ್ಟರೆ ಗಾಬರಿಯಾಗುತ್ತಾರೆ. ಹುಳುವಿಗೆ ತೋರುವ ಈ ಸಮಾಧಾನದಲ್ಲಿ ಕಾಲುಪಾಲನ್ನು ಹೆಣ್ಣುಮಕ್ಕಳಿಗೆ ತೋರಿದ್ದರೆ ನನ್ನಂಥವರು ಚಿಲಕ ಹಾಕಿಕೊಂಡು ತಿನ್ನಬೇಕಾಗಿ ಬರುತ್ತಿರಲಿಲ್ಲವೇನೋ.

ಹೊಂಬಾಳಣ್ಣ ಬಸ್ಸನ್ನು ಎಲ್ಲೂ ನಿಲ್ಲಿಸದೆ ರಾಮನಗರಕ್ಕೆ ಹೊಡೆದು, ಪ್ರಯಾಣಿಕರ ಸಮೇತ ಆಸ್ಪತ್ರೆಯ ಬಾಗಿಲಿಗೇ ತಂದರು. ಡ್ರಿಪ್ ಹಾಕಿದರು. ವೈದ್ಯರು ಬೆಳಗ್ಗೆ ಏನು ತಿಂದಿರಿ ಎಂದು ಕೇಳಿದಾಗ, ದೋಸೆ ಎಂದೆ. ನಿನ್ನೆ ಮಧ್ಯಾಹ್ನ? ಮುದ್ದೆ ಎಂದೆ. ಸುಳ್ಳು ಹೇಳುವಾಗಲೂ ಮೆನು ಪೌಷ್ಟಿಕವಾಗಿತ್ತು. ಅವರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಪಕ್ಕದಲ್ಲಿ ನಿಂತಿದ್ದ ಹೊಂಬಾಳಣ್ಣನ ಮುಖ ನೋಡಿದರು. ಆತ ನೆಲ ನೋಡುತ್ತಾ, ‘ಇವ್ರು ಡಬ್ಬಿ ಉಣ್ಣಲ್ಲ ಸಾರ್. ನಾಯಿಗಾಕ್ತಾರೆ. ನಾನು ಕನ್ನಡೀಲಿ ನೋಡಿವ್ನಿ, ಕೇಳಕ್ಕೆ ನಾಚ್ಕೆ ಆಯ್ತು’ ಎಂದರು. ಹಿಂದಿನದನ್ನು ನೋಡಲೆಂದು ಡ್ರೈವರನಿಗೆ ಕನ್ನಡಿ ಕೊಟ್ಟಿರುತ್ತಾರೆ ಎನ್ನುವುದು ನನಗೆ ಮರೆತೇಹೋಗಿತ್ತು.

ವೈದ್ಯರು ಗದರಲಿಲ್ಲ. ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಕೌನ್ಸೆಲಿಂಗ್ ಇದೆ, ಅಲ್ಲಿಗೆ ಹೋಗಿ ಬನ್ನಿ ಎಂದರು. ಸಂಜೆ ಈ ಸುದ್ದಿಯನ್ನು ಮನೆಯಲ್ಲಿ ಹೇಳಿದೆ. ಕೌನ್ಸೆಲಿಂಗ್ ಎಂಬ ಮಾತನ್ನು ಅತ್ತೆ ಕೇಳಿದ್ದು ನೆಂಟರ ಮಕ್ಕಳು ಇಂಜಿನಿಯರಿಂಗ್ ಸೇರುವಾಗ ಮಾತ್ರ. ‘ಈ ವಯಸ್ನಾಗೆ ನಿಂಗ್ಯಾವ ಸೀಟು ಕೊಟ್ಟಾರವ್ವ?’ ಎಂದು ಕೇಳಿದರು. ದಿನವಿಡೀ ಊರಿಗೆಲ್ಲ ಸೀಟು ತೋರಿಸಿ ತಾನು ನಿಂತೇ ಇರುವವಳಿಗೆ ಒಂದು ಸೀಟು ಕೊಟ್ಟರೆ ಬೇಡವೆನ್ನಲೇ? ಹೋದೆ.

ಕೊನೆಯ ಕೋಣೆಯಲ್ಲಿದ್ದವಳು ನಾಜಿಯಾ. ಚನ್ನಪಟ್ಟಣದ ಹುಡುಗಿ, ಮನೆಯವರು ಮರದ ಆಟಿಕೆ ಮಾಡುವವರು; ಮನಶ್ಶಾಸ್ತ್ರ ಓದಿಕೊಂಡು ಇಲ್ಲಿಗೆ ಬಂದಿದ್ದಳು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಮಕ್ಕಳಿಗೆಂದು ಇಟ್ಟಿದ್ದ ಆಟಿಕೆಗಳ ಬುಟ್ಟಿ. ನಾನು ಮೊದಲು ಹುಡುಕಿದ್ದು ತೂಕದ ಯಂತ್ರವನ್ನು. ಇರಲಿಲ್ಲ. ಅದು ಗೊತ್ತಾದ ಮೇಲೆಯೇ ಪೂರ್ತಿ ಕೂತದ್ದು. ಅದುವರೆಗೂ ಕುರ್ಚಿಯ ಅಂಚಿನಲ್ಲಿ, ಅರ್ಧ ಟಿಕೆಟ್ಟಿನ ಮಗುವಿನಂತೆ ಕೂತಿದ್ದೆ.

ಅವಳು ಊಟದ ಬಗ್ಗೆ ಕೇಳಲೇ ಇಲ್ಲ. ರೂಟು ಯಾವುದು, ಎಷ್ಟು ಹೊತ್ತಿಗೆ ಏಳುತ್ತೀರಿ, ಬಸ್ಸಿನಲ್ಲಿ ಹೆಂಗಸರಿಗೆ ಬಾತ್‌ರೂಮಿನ ಕಷ್ಟ ಹೇಗೆ, ಇಂಥದ್ದನ್ನೇ ಕೇಳುತ್ತಾ ಹೋದಳು. ನಾನು ಹಿರಿಯರ ಎರಡು ಟಿಕೆಟ್ಟಿನ ಹಾಸ್ಯವನ್ನು, ಬಹಳ ತಮಾಷೆಯಾಗಿ, ಧ್ವನಿ ಬದಲಿಸಿ ಹೇಳಿದೆ. ನನ್ನ ಅಭಿನಯಕ್ಕೆ ಬೇರೆ ಯಾರಾಗಿದ್ದರೂ ನಗುತ್ತಿದ್ದರು. ಅವಳು ನಗಲಿಲ್ಲ. ಆವತ್ತು ರಾತ್ರಿ ನಿದ್ದೆ ಬಂತಾ ಅಕ್ಕಾ ಎಂದಷ್ಟೇ ಕೇಳಿದಳು. ನಗುವಿಲ್ಲದ ಆ ಜಾಗದಲ್ಲಿ ನನ್ನ ಮಾತು ಎಡವಿತು. ಅಳು ಬಂತು. ಅಳುತ್ತಲೇ, ಗಂಡನಿಗೂ ಹೇಳದಿದ್ದುದನ್ನು ಹೇಳಿದೆ:

‘ನಾನು ಕದ್ದು ತಿಂತೀನಿ.’

‘ನಿಮ್ಮ ಊಟ ನೀವು ತಿನ್ನೋಕೆ ಕದೀಬೇಕು ಅಂತ ಯಾವತ್ತಿಂದ ಅನ್ನಿಸ್ತು ಅಕ್ಕಾ?’ ಎಂದು ಕೇಳಿದಳು.

ಆಮೇಲೆ ಅವಳು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹಗಲೆಲ್ಲ ಹಸಿದಿದ್ದು ಸಂಜೆ ಮುಗಿಬಿದ್ದು ತಿನ್ನುವುದು ಮನಸ್ಸಿನ ಹೇಡಿತನವಲ್ಲ, ನಾಲಗೆಯ ಚಪಲವೂ ಅಲ್ಲ. ಬರಗಾಲ ಬಂದಿದೆ ಎಂದುಕೊಂಡ ದೇಹ ಸಿಕ್ಕಿದ್ದನ್ನು ಬಾಚಿಕೊಳ್ಳುವುದು. ತಿಂದದ್ದಕ್ಕೆ ನಾಚಿಕೆ, ನಾಚಿಕೆಗೆ ಉಪವಾಸ, ಉಪವಾಸಕ್ಕೆ ಮತ್ತೆ ತಿನ್ನುವುದು, ಹೀಗೆ ಇದು ಸುತ್ತಿ ಸುತ್ತಿ ಅದೇ ನಿಲ್ದಾಣಕ್ಕೆ ಬರುವ ಸಿಟಿ ಬಸ್ಸು. ಇಳಿಯುವ ದಾರಿ ಉಪವಾಸದಲ್ಲಿಲ್ಲ, ಊಟದಲ್ಲಿದೆ. ಹೊತ್ತುಹೊತ್ತಿಗೆ, ಬೇರೆಯವರ ಎದುರು, ಕೂತು ಉಣ್ಣಬೇಕು. ಬರೆದಿಡುವುದು, ತೂಗುವುದು ಯಾವುದೂ ಬೇಡ. ಸಣ್ಣಗಾಗಿಸುವುದು ಈ ಕೋಣೆಯ ಕೆಲಸವಲ್ಲ ಎಂದೂ ಅವಳು ಮೊದಲೇ ಹೇಳಿಬಿಟ್ಟಳು. ಕೇಳಿ ನನಗೆ ಒಂದಿಷ್ಟು ನಿರಾಸೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮುಂದಿನ ಸಲ ಮನೆಯವರನ್ನು ಯಾರನ್ನಾದರೂ ಕರೆತನ್ನಿ ಎಂದಿದ್ದಳು. ಗಂಡ ಬರಲು ತಯಾರಿದ್ದರು. ಆದರೆ ಅತ್ತೆ ಮೊದಲೇ ಸೀರೆ ಉಟ್ಟು, ಟಿಫಿನ್ ಕ್ಯಾರಿಯರ್ ತುಂಬಿಸಿ ಬಾಗಿಲಲ್ಲಿ ನಿಂತಿದ್ದರು. ನನ್ನ ಸೊಸೆಗೆ ನಾನು ಊಟ ಹಾಕುತ್ತಿಲ್ಲವೆಂದು ಆಸ್ಪತ್ರೆಯವರು ತಿಳಿದಿದ್ದಾರೆ, ಆ ಹುಡುಗಿಗೆ ಉಣ್ಣಿಸಿಯೇ ಉತ್ತರ ಕೊಡುತ್ತೇನೆ ಎಂಬುದು ಅವರ ಹಟ.

ಅತ್ತೆಯ ಹೆಸರು ಸಾಕಮ್ಮ. ತಿಪ್ಪಸಂದ್ರದ ಕಡೆಯ ಬೇಸಾಯದ ಮನೆಯ ಮಗಳು. ಕಡ್ಡಿಯಂಥ ಮೈ, ಗಾಳಿಯಂಥ ಓಡಾಟ. ಬಡಿಸಲು ನಿಂತರೆಂದರೆ ಅವರ ಹೆಸರಿನ ಅರ್ಧವನ್ನು ನಾವು ಎಷ್ಟು ಸಲ ಕೂಗಿದರೂ ಕೇಳಿಸುವುದಿಲ್ಲ. ಸಾಕು ಸಾಕು ಎನ್ನುತ್ತಿದ್ದಂತೆಯೇ ಮುದ್ದೆ ಬಂದು ಬೀಳುತ್ತದೆ. ಅವರು ಸೊರಗಿದ್ದಾರೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಸಣ್ಣಗಿರುವುದು ಅವರ ಪುಣ್ಯ ಎಂದುಕೊಂಡಿದ್ದೆ, ಒಳಗೊಳಗೇ ಹೊಟ್ಟೆಕಿಚ್ಚೂ ಇತ್ತು.

ನಾಜಿಯಾ ಕ್ಯಾರಿಯರಿನ ಸೊಪ್ಪಿನ ಸಾರನ್ನು ಕೈಯಾರೆ ಸುರಿದುಕೊಂಡು ಉಂಡಳು. ಅತ್ತೆಯ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಕೈತೊಳೆದು ಬಂದು, ಆಟಿಕೆಯ ಬುಟ್ಟಿಯಿಂದ ಮರದ ಅಡುಗೆ ಸಾಮಾನು ತೆಗೆದು ಮೇಜಿನ ಮೇಲಿಟ್ಟಳು. ಪುಟ್ಟ ಪಾತ್ರೆ, ಸೌಟು, ಬೆರಳಗಲದ ತಟ್ಟೆಗಳು, ಕೆಂಪು ಹಳದಿ ಬಣ್ಣದ ಮಣಿಗಳು. ನಿಮ್ಮ ಮನೆಯಲ್ಲಿ ಊಟ ಹೇಗೆ ನಡೆಯುತ್ತದೆ, ಒಂದು ಸಲ ಬಡಿಸಿ ತೋರಿಸಿ ಅಮ್ಮಾ ಎಂದಳು. ಮುದುಕಿಗೆ ಅಡುಗೆಯಾಟ ಆಡಿಸುತ್ತೀಯಾ ಎಂದು ಅತ್ತೆ ನಕ್ಕರು. ಆದರೆ ಸೌಟು ಕೈಗೆ ಬಂದದ್ದೇ ಅವರ ಮುಖ ಗಂಭೀರವಾಯಿತು, ಸೆರಗು ತಾನಾಗಿ ಸೊಂಟಕ್ಕೆ ಸೇರಿತು. ಮಗನಿಗೊಂದು ತಟ್ಟೆ, ಮೊಮ್ಮಗನಿಗೊಂದು, ನನಗೊಂದು, ಬಂದವರಿಗಿರಲಿ ಎಂದು ಇನ್ನೊಂದು. ಮಣಿಗಳನ್ನು ಮುದ್ದೆ, ಸಾರು, ಪಲ್ಯ ಎನ್ನುತ್ತಾ ಹಂಚಿದರು. ಮೊಮ್ಮಗನ ತಟ್ಟೆಯಿಂದ ಒಂದೆರಡು ಉರುಳಿ ಬಿದ್ದದ್ದನ್ನು ಎತ್ತಿ ಮತ್ತೆ ಅವನಿಗೇ ಹಾಕಿದರು. ಪಾತ್ರೆ ಬರಿದಾಯಿತು. ನೋಡವ್ವಾ, ಎಲ್ಲರಿಗೂ ಆಯಿತು ಎಂದು ಕೈ ಕಟ್ಟಿ ಕೂತರು.

‘ನಿಮ್ಮ ತಟ್ಟೆ ಎಲ್ಲಿ ಅಮ್ಮಾ?’

‘ನಂದಾ? ನಂದೇನವ್ವಾ, ಎಲ್ರುದೂ ಆದ್ಮೇಕೆ ತಳದಲ್ಲಿ ಇರದು ನಿಂತ್ಕಂಡೇ ಒಂದೀಟು ಬಾಯಿಗಾಕ್ಕತೀನಿ.’

‘ಹೊಟ್ಟೆ ತುಂಬಿದ್ದು ಹೇಗೆ ಗೊತ್ತಾಗುತ್ತೆ ನಿಮಗೆ?’

ಅತ್ತೆ ಬರಿದಾದ ಆ ಪುಟ್ಟ ಪಾತ್ರೆಯನ್ನು ಎತ್ತಿ ಬೋರಲು ಹಾಕಿದರು. ‘ಪಾತ್ರೆ ಖಾಲಿ ಆಯ್ತು ಅಂದ್ರೆ ಆಯ್ತು ಅಂತ’ ಎಂದರು, ನಿಧಾನವಾಗಿ. ‘ಒಟ್ಟೇನ ಯಾರು ಕೇಳ್ತಾರೆ.’

ಆಮೇಲೆ ಕೇಳದೆಯೇ ಹೇಳಿದರು. ಮೂರು ಹೆಣ್ಣಿನ ಮೇಲೆ ನಾಲ್ಕನೆಯದೂ ಹೆಣ್ಣಾಯಿತೆಂದು ತಂದೆ ಇಟ್ಟ ಹೆಸರು ಸಾಕಮ್ಮ. ಸಾಕಾದವಳಿಗೆ ಊಟ ಕೊನೆಗೆ. ಮದುವೆಯಾಗಿ ಮಾಗಡಿಗೆ ಬಂದರೆ ಇಲ್ಲಿಯೂ ತುಂಬಿದ ಮನೆ. ಈ ಸೊಸೆ ಊಟವನ್ನೇ ಕೇಳುವುದಿಲ್ಲ ಎಂದು ಅವರ ಅತ್ತೆ ಬಂದವರ ಮುಂದೆಲ್ಲ ಹೊಗಳುತ್ತಿದ್ದರಂತೆ. ಬೇರೆ ಯಾವುದಕ್ಕೂ ಹೊಗಳಿಕೆ ಸಿಗದ ಹುಡುಗಿ ಅದನ್ನೇ ಆಸ್ತಿ ಮಾಡಿಕೊಂಡು, ಕೇಳದೆ ಇರುವುದನ್ನು ಇನ್ನಷ್ಟು ಚೆನ್ನಾಗಿ ಕಲಿತಳು. ಯಾರಾದರೂ ಬಡಿಸಲು ಬಂದರೂ ಬೇಡವೆನ್ನುವ ಅಭ್ಯಾಸವಾಯಿತು. ಈಗ ಕೂತು ಉಣ್ಣಲು ಹೋದರೆ ಎದೆ ಹೊಡೆದುಕೊಳ್ಳುತ್ತದೆ, ಯಾರದೋ ಪಾಲು ತಿನ್ನುತ್ತಿದ್ದೇನೆ ಅನ್ನಿಸುತ್ತದೆ ಎಂದರು.

ಸಾಕು ಎನ್ನುವ ಒಂದೇ ಮಾತು ನಮ್ಮ ಭಾಷೆಯಲ್ಲಿ ಬೇಡವೆಂದೂ ಆಗುತ್ತದೆ, ಪೊರೆ ಎಂದೂ ಆಗುತ್ತದೆ. ಮೊದಲನೆಯ ಅರ್ಥದಲ್ಲಿ ಹೆಸರು ಪಡೆದವರು ಬದುಕಿಡೀ ಎರಡನೆಯ ಅರ್ಥವನ್ನು ಮಾಡುತ್ತಾ ಬಂದಿದ್ದರು. ಎಂ.ಎ. ಓದಿದ ನಾನು ಇಷ್ಟು ವರ್ಷ ಅವರ ಕೈಯ ಊಟ ಉಂಡಿದ್ದೆ. ಅವರು ಕೂತು ಉಂಡದ್ದನ್ನು ಕಂಡ ನೆನಪು ಮಾತ್ರ ಎಷ್ಟು ಕೆದಕಿದರೂ ಸಿಗಲಿಲ್ಲ. ಕದ್ದು ಉಣ್ಣುವವಳು, ನಿಂತು ಉಣ್ಣುವವರು, ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಬದುಕಿದ್ದೆವು.

ಮುಂದಿನ ಭಾನುವಾರ ಮಧ್ಯಾಹ್ನ ನಾನು ಎಲ್ಲರಿಗೂ ತಟ್ಟೆ ಹಾಕಿ, ಪಾತ್ರೆಗಳನ್ನು ನಡುವೆ ಇಟ್ಟು, ಅವರನ್ನೂ ಕೂರಿಸಿದೆ. ಪಾಪ, ಕೂತರು. ಕೂತವರು ಉಪ್ಪಿಗೆ ಎದ್ದರು, ನೀರಿಗೆ ಎದ್ದರು, ಬೆಕ್ಕು ಬಂತೆಂದು ಎದ್ದರು, ಬಂದಿರಲಿಲ್ಲ. ನನ್ನ ಸ್ಥಿತಿಯೂ ಹಾಗೆಯೇ. ಎಲ್ಲರೆದುರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ ಕೈ ತಟ್ಟೆಯ ಮೇಲೆ ಅಡ್ಡ ಬರುತ್ತಿತ್ತು. ಅಜ್ಜಿ ಕೂತಿದ್ದಾರೆ, ಅಮ್ಮ ಉಣ್ಣುತ್ತಿದ್ದಾರೆ ಎಂದು ಮಗ ನಮ್ಮಿಬ್ಬರನ್ನೂ ಸರ್ಕಸ್ಸಿನಂತೆ ನೋಡಿದ.

ಕೌನ್ಸೆಲಿಂಗ್ ಒಂದೆರಡು ಸಲಕ್ಕೆ ಮುಗಿಯುವಂಥದ್ದಲ್ಲ. ತಿಂಗಳುಗಟ್ಟಲೆ ಹೋದೆ. ಡಬ್ಬಿಯನ್ನು ರಾಮನಗರ ನಿಲ್ದಾಣದಲ್ಲಿ ಹೊಂಬಾಳಣ್ಣನ ಎದುರು ಕೂತು ಉಣ್ಣತೊಡಗಿದೆ. ಆತ ತನ್ನ ಊಟದ ಮೇಲೆಯೇ ಕಣ್ಣಿಟ್ಟು, ನನ್ನ ಕಡೆ ನೋಡದಿರುವ ಉಪಕಾರ ಮಾಡಿದರು. ನಾಯಿಗಳು ಕೆಲವು ದಿನ ನನ್ನನ್ನು ವಿಶ್ವಾಸದ್ರೋಹಿಯಂತೆ ನೋಡಿ, ಆಮೇಲೆ ಬೇರೆಯವರನ್ನು ಹುಡುಕಿಕೊಂಡವು. ಸಂಜೆಯ ಬೇಕರಿಯ ಸೆಳೆತ ಸಡಿಲವಾಯಿತು. ಕೆಲವು ಸಂಜೆ ಸೋತೆ. ಸೋತದ್ದನ್ನು ಹೇಳಿದರೆ ನಾಜಿಯಾ ಆವತ್ತು ಮಧ್ಯಾಹ್ನ ಏನು ಉಂಡಿರಿ ಎಂದಷ್ಟೇ ಕೇಳುತ್ತಿದ್ದಳು, ಉತ್ತರ ಅಲ್ಲೇ ಇರುತ್ತಿತ್ತು. ಗಾತ್ರದಲ್ಲಿ ನಾನು ಹೆಚ್ಚುಕಡಿಮೆ ಇದ್ದಂತೆಯೇ ಇದ್ದೇನೆ. ಒಂದು ಅಳತೆ ದೊಡ್ಡ ಖಾಕಿ ಅಂಗಿ ಹೊಲಿಸಿಕೊಂಡೆ. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಕೇಳಬೇಡಿ. ಅಂಗಿ ನಮಗೆ ಹೊಂದಬೇಕೇ ಹೊರತು ನಾವು ಅಂಗಿಗಲ್ಲ ಎನ್ನುವಷ್ಟು ಸುಲಭದ ಮಾತು ಮನಸ್ಸಿಗಿಳಿಯಲು ವರ್ಷವೇ ಹಿಡಿಯಿತು.

ಅತ್ತೆಯೂ ನನ್ನ ಜೊತೆ ಬರುತ್ತಿದ್ದರು. ಮೊದಲು ನನ್ನ ಕಾವಲಿಗೆಂದು, ಆಮೇಲೆ ನಾಜಿಯಾಳಿಗೆ ಸೊಪ್ಪಿನ ಸಾರು ಕೊಡಲೆಂದು. ಒಂದು ದಿನ ಕೋಣೆಯ ಬಾಗಿಲಲ್ಲಿ ನನ್ನನ್ನು ತಡೆದು, ನೀನು ಆಚೆ ಬೆಂಚಿನ ಮೇಲೆ ಕೂತಿರು ಎಂದು ಹೇಳಿ ತಾವೊಬ್ಬರೇ ಒಳಗೆ ಹೋದರು. ಏನು ಮಾತಾಡಿದರೆಂದು ನಾನು ಇವತ್ತಿನವರೆಗೂ ಕೇಳಿಲ್ಲ.

ಇಷ್ಟೆಲ್ಲ ಆದ ಮೇಲೆ ಕನಕಪುರದಲ್ಲಿ ಒಂದು ಗೃಹಪ್ರವೇಶ ಬಂತು. ಅತ್ತೆಯ ವಾರಗಿತ್ತಿ ಗೌರಮ್ಮ, ನನಗೆ ಚಿಕ್ಕತ್ತೆ, ಹೊಸ ಮನೆ ಕಟ್ಟಿಸಿದ್ದರು. ನಾವು ಚಪ್ಪರ ದಾಟಿದ್ದೇ ತಡ, ಹೊಸ ರೇಷ್ಮೆಸೀರೆಯಲ್ಲಿ ಬೆವರುತ್ತಾ ನಿಂತಿದ್ದ ಚಿಕ್ಕತ್ತೆ, ನೆಂಟರೆಲ್ಲ ತಿರುಗಿ ನೋಡುವಂತೆ, ‘ಏನವ್ವಾ ಜಯಾ, ಆಸ್ಪತ್ರೆಗೆ ಸೇರಿ ಇಳ್ದೋಗಿದ್ದೀಯ ಅಂದ್ರು, ಇನ್ನೂ ಊದ್ಕಂಡೇ ಇದ್ದೀಯಲ್ಲ’ ಎಂದರು. ಪ್ರೀತಿಯಿಂದಲೇ ಗಲ್ಲ ಚಿವುಟಿದರು. ನಾನು ನಕ್ಕೆ. ಹಳೆಯ ನಗು, ತುಕ್ಕು ಹಿಡಿದಿರಲಿಲ್ಲ.

ಪಂಕ್ತಿಯಲ್ಲಿ ಕೂತು ಕೋಸಂಬರಿ ಮುಟ್ಟಿ ಎದ್ದುಬಿಟ್ಟೆ. ಬೇರೆಯವರು ಉಣ್ಣುತ್ತಿರುವಾಗ ಸಾಮಾನಿನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಬಾಳೆಲೆ ಮುಚ್ಚಿದ ಬುಟ್ಟಿಯಿಂದ ಹೋಳಿಗೆ ತೆಗೆದೆ. ನಾಜಿಯಾ ಹೇಳಿದ ಒಂದು ಮಾತೂ ನೆನಪಾಗಲಿಲ್ಲ. ಇಲ್ಲ, ನೆನಪಾಯಿತು; ಆದರೂ ಕೈ ನಿಲ್ಲಲಿಲ್ಲ. ಎರಡನೆಯದನ್ನೋ ಮೂರನೆಯದನ್ನೋ ರುಚಿಯಿಲ್ಲದೆ ನುಂಗುತ್ತಿದ್ದಾಗ ಬಾಗಿಲು ತೆರೆಯಿತು. ಅತ್ತೆ.

ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ. ಅವರು ನನ್ನನ್ನು ನೋಡಿದರು, ಬುಟ್ಟಿ ನೋಡಿದರು. ನಾನು ಬಾಗಿಲು ಮುಚ್ಚಲು ಕೈ ಚಾಚಿದ್ದನ್ನೂ ನೋಡಿದರು. ಆಮೇಲೆ ಗೋಡೆಗೆ ಕೈ ಊರಿ, ಮಂಡಿ ಮಡಚಿ, ಅಕ್ಕಿ ಮೂಟೆಗೆ ಒರಗಿ ನೆಲದ ಮೇಲೆ ಪದ್ಮಾಸನ ಹಾಕಿ ಕೂತರು.

‘ಕೂತ್ಕೊ. ನಂಗೂ ಒಂದು ಕೊಡು’ ಎಂದರು. ‘ಬಾಗ್ಲು ತೆಗ್ದಿರ್ಲಿ.’

ಕೂತೆ. ಕೊಟ್ಟೆ. ಪಕ್ಕದ ಡಬ್ಬದಿಂದ ತುಪ್ಪ ತೆಗೆದು ತಮ್ಮದಕ್ಕೂ ನನ್ನದಕ್ಕೂ ಹಾಕಿದರು. ಸಣ್ಣ ಸಣ್ಣ ಚೂರು ಮುರಿದು, ಅಗಿದು, ಯಾವುದಕ್ಕೂ ಏಳದೆ ತಿಂದರು. ಏಲಕ್ಕಿ ಹೆಚ್ಚಾಯಿತು ಎಂದರು. ಆಗ ನನಗೂ ಏಲಕ್ಕಿ ಹೆಚ್ಚಾದದ್ದು ಗೊತ್ತಾಯಿತು. ಬೇಳೆ ನುಣ್ಣಗೆ ರುಬ್ಬಿದ್ದು, ಕಣಕ ತೆಳುವಾಗಿದ್ದು ಗೊತ್ತಾಯಿತು. ಕೈಯ ಅವಸರ ಇಳಿಯಿತು. ಎದುರಿನ ಓಣಿಯಲ್ಲಿ ಜನ ಓಡಾಡುತ್ತಿದ್ದರು, ಕೆಲವರು ನಮ್ಮನ್ನು ನೋಡಿದರು. ನೋಡಿ ಹೋದರು, ಅಷ್ಟೇ.

ವೀಳ್ಯದೆಲೆಯ ಕಟ್ಟು ಹುಡುಕುತ್ತಾ ಚಿಕ್ಕತ್ತೆ ಒಳಗೆ ಬಂದವರು ನಮ್ಮನ್ನು ಕಂಡು ನಿಂತರು. ನನ್ನ ಬಗ್ಗೆ ಇನ್ನೊಂದು ವರದಿ ಅವರ ತುಟಿಯವರೆಗೂ ಬಂದಿತ್ತು, ನನಗೆ ಕಾಣಿಸುತ್ತಿತ್ತು. ಅತ್ತೆ ಅದಕ್ಕೆ ಬಿಡುವು ಕೊಡಲಿಲ್ಲ.

‘ನೀನು ಉಂಡ್ಯಾ ಗೌರಿ?’

ಚಿಕ್ಕತ್ತೆಯ ಮುಖ ಒಂದು ಕ್ಷಣ ಮಗುವಿನದಾಯಿತು. ‘ಎಲ್ಲಿ ಅಕ್ಕಾ’ ಎಂದರು. ‘ನೆನ್ನೆಯಿಂದ್ಲೂ ಬರೀ ಕಾಪಿ. ಈ ಸೀರೇಲಿ ಪೋಟೋಕ್ಕೆ ದಪ್ಪ ಕಾಣ್ತೀನಿ ಅಂತ ಸೊಸೇರೆಲ್ಲ ಅಂದ್ರು. ತಲೆ ಸುತ್ತಾ ಐತೆ.’ ಹೇಳಿ ಮುಗಿಸಿದ ಮೇಲೆ, ಯಾರಿಗೆ ಹೇಳಿದೆನೆಂದು ಅರಿವಾದವರಂತೆ ನನ್ನ ಕಡೆ ನೋಡಿದರು. ನಾನು ಒಂದಿಷ್ಟು ಸರಿದು ನೆಲದಲ್ಲಿ ಜಾಗ ಮಾಡಿದೆ. ಕಂಡಕ್ಟರಿಗೆ ಬರುವ ಕೆಲಸ ಅದೇ ತಾನೆ.

ಅವರು ಜರಿ ಸೀರೆಯನ್ನು ಮಂಡಿಯವರೆಗೆ ಎತ್ತಿಕೊಂಡು ನಮ್ಮಿಬ್ಬರ ನಡುವೆ ಕೂತರು. ಅತ್ತೆ ಇನ್ನೊಂದು ಹೋಳಿಗೆ ತೆಗೆದು ತುಪ್ಪ ಹಾಕಿ ಕೊಟ್ಟರು. ಚಿಕ್ಕತ್ತೆ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಹಜಾರದಿಂದ, ಗೌರಮ್ಮನವರು ಎಲ್ಲಿ, ಫೋಟೋದವನು ಕಾಯುತ್ತಿದ್ದಾನೆ ಎಂದು ಗಂಡಸರ ಕೂಗು ಕೇಳಿಸಿತು. ಚಿಕ್ಕತ್ತೆ ಗಾಬರಿಯಿಂದ ಏಳಹೋದರು. ಅತ್ತೆ ಅವರ ತೊಡೆಯ ಮೇಲೆ ಕೈಯಿಟ್ಟು ಒತ್ತಿ, ತೆರೆದ ಬಾಗಿಲ ಕಡೆ ಮುಖ ಮಾಡಿ, ಮನೆಗೆಲ್ಲ ಕೇಳುವಂತೆ ಹೇಳಿದರು:

‘ಅವ್ಳು ಉಣ್ತಾವ್ಳೆ. ಒಸಿ ತಡೀರಿ.’